ಬಿಡಿ ಎಲೆಯ ಚಹಾಗಳನ್ನು ಅಕ್ಕಪಕ್ಕ ಇಟ್ಟು ರುಚಿ ನೋಡುವ ಬಗೆ

ಸೋಮವಾರ ಒಂದು ಚಹಾ, ಗುರುವಾರ ಇನ್ನೊಂದು ಚಹಾ ಕುಡಿದು ಯಾವುದು ಚೆನ್ನಾಗಿತ್ತು ಎಂದು ಯೋಚಿಸಿದರೆ ಸಿಗುವ ಉತ್ತರವನ್ನು ನಂಬುವಂತಿಲ್ಲ. ಅಷ್ಟರಲ್ಲಿ ನೀರು ಬದಲಾಗಿರುತ್ತದೆ, ಎಲೆ ಒಂದು ಚಿಟಿಕೆ ಹೆಚ್ಚು ಬಿದ್ದಿರುತ್ತದೆ, ಯಾರದೋ ಫೋನ್ ಬಂದು ಎರಡು ನಿಮಿಷ ಜಾಸ್ತಿ ನೆನೆದಿರುತ್ತದೆ. ಹೊಟ್ಟೆ ಹಸಿದಿತ್ತೋ ತುಂಬಿತ್ತೋ ಎಂಬುದೂ ತೀರ್ಪಿನೊಳಗೆ ಸೇರಿಕೊಂಡಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಪರಿಮಳವನ್ನು ನೆನಪಿಟ್ಟುಕೊಳ್ಳುವುದು ನಮಗೆ ಬಹಳ ಕಷ್ಟ. ಅವೇ ಎರಡು ಚಹಾಗಳನ್ನು ಒಂದೇ ಹೊತ್ತಿನಲ್ಲಿ, ಒಂದೇ ನೀರಿನಲ್ಲಿ, ಒಂದೇ ಅಳತೆಯಲ್ಲಿ ಮಾಡಿ ಅಕ್ಕಪಕ್ಕ ಇಟ್ಟು ಗುಟುಕರಿಸಿ ನೋಡಿ. ಚಹಾದ ಬಗ್ಗೆ ಏನೂ ಓದಿಕೊಳ್ಳದವರಿಗೂ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ.

ಇದನ್ನು ಮನೆಯಲ್ಲೇ ಸರಿಯಾಗಿ ಮಾಡಬಹುದು. ಆದರೆ ಶುರುಮಾಡುವ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ: ಹೋಲಿಸಿ ನೋಡಲು ಮಾಡುವ ಚಹಾ ಬೇರೆ, ಕುಡಿದು ಸುಖಪಡಲು ಮಾಡುವ ಚಹಾ ಬೇರೆ. ಹೋಲಿಕೆಯಲ್ಲಿ ಎಲ್ಲ ಎಲೆಗಳನ್ನೂ ಒಂದೇ ಕಟ್ಟುನಿಟ್ಟಿನಲ್ಲಿ ನಡೆಸಿಕೊಳ್ಳಬೇಕು, ಯಾವುದಕ್ಕೂ ರಿಯಾಯಿತಿ ಇಲ್ಲ. ಕುಡಿಯಲು ಮಾಡುವಾಗ ಒಂದೊಂದು ಎಲೆಗೂ ಅದಕ್ಕೊಗ್ಗುವ ಶಾಖ, ಅದಕ್ಕೊಗ್ಗುವ ಹೊತ್ತು ಕೊಡಬೇಕು. ಹೋಲಿಸುವಾಗಲೇ ಚಹಾಕ್ಕೆ ಉಪಚಾರ ಮಾಡಲು ಹೊರಟರೆ ಎಲೆಯ ಗುಣ ಯಾವುದು, ನಮ್ಮ ಕೈಗುಣ ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ.

ಯಾವುದನ್ನು ಯಾವುದರ ಪಕ್ಕ ಇಡಬೇಕು

ಬಿಳಿ, ಹಸಿರು, ಹಳದಿ, ಹಸಿರಿಗೂ ಕಪ್ಪಿಗೂ ನಡುವಿನದಾದ ಊಲಾಂಗ್, ಕಪ್ಪು, ಪು-ಎರ್‌ನಂಥ ಮಾಗಿಸಿದ ಚಹಾ, ಈ ಆರೂ ಬಗೆ ಬರುವುದು ಕಮೇಲಿಯಾ ಸಿನೆನ್ಸಿಸ್ ಎಂಬ ಒಂದೇ ಗಿಡದಿಂದ. ಕಿತ್ತ ಮೇಲೆ ಎಲೆಯನ್ನು ಎಷ್ಟು ಬಾಡಿಸಿದರು, ಎಷ್ಟು ಹೊಸೆದರು, ಗಾಳಿಗೆ ಕಂದಲು ಎಷ್ಟು ಬಿಟ್ಟರು, ಯಾವಾಗ ಬಿಸಿ ತಾಗಿಸಿ ಅದನ್ನು ನಿಲ್ಲಿಸಿದರು ಎಂಬುದರಲ್ಲೇ ಅವುಗಳ ಭೇದವಿದೆ. ಈವರೆಗೆ ಪುಡಿ ಚಹಾ ಮಾತ್ರ ಕುಡಿದವರು ಮೊದಲ ಸಲ ಬೇರೆ ಬೇರೆ ಬಗೆಗಳನ್ನು ಒಟ್ಟಿಗೆ ಇಟ್ಟು ನೋಡುವುದು ಒಳ್ಳೆಯದು. ಒಂದೇ ಗಿಡದ ಎಲೆ ಎಷ್ಟು ದೂರ ಹೋಗಬಲ್ಲದು ಎಂಬುದು ಒಂದೇ ಕೂತಲ್ಲಿ ಗೊತ್ತಾಗುತ್ತದೆ.

ಆದರೆ ಅದು ಪರಿಚಯವಾಯಿತೇ ಹೊರತು ಹೋಲಿಕೆಯಲ್ಲ. ಬಿಳಿ ಚಹಾ ಮತ್ತು ಅಸ್ಸಾಂ ಚಹಾಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ನಿಜವಾದ ಹೋಲಿಕೆಗೆ ಪ್ರಶ್ನೆ ಕಿರಿದಾಗಿರಬೇಕು. ಬಗೆ ಒಂದೇ ಇರಲಿ, ಊರು ಬದಲಾಗಲಿ: ಅಸ್ಸಾಂ, ಡಾರ್ಜಿಲಿಂಗ್, ನೀಲಗಿರಿ, ಶ್ರೀಲಂಕಾದ ಊವ, ಚೀನಾದ ಕೀಮುನ್, ಎಲ್ಲವೂ ಕಪ್ಪು ಚಹಾಗಳೇ. ಇಲ್ಲವೇ ಊರು ಒಂದೇ ಇರಲಿ, ತೋಟ ಬದಲಾಗಲಿ. ನನಗೆ ಅತ್ಯಂತ ಇಷ್ಟವಾದದ್ದು ಇನ್ನೂ ಕಿರಿದಾದ ಪ್ರಶ್ನೆ: ಒಂದೇ ತೋಟದ ಎರಡು ಕೊಯ್ಲು. ಹಸಿರು ಚಹಾದಲ್ಲಾದರೆ ಹಬೆಯಲ್ಲಿ ಬೇಯಿಸಿದ ಜಪಾನಿನ ಸೆಂಚಾ, ಬಾಣಲೆಯಲ್ಲಿ ಹುರಿದ ಚೀನಾದ ಲಾಂಗ್‌ಜಿಂಗ್, ಈ ಎರಡನ್ನು ಎದುರುಬದುರು ಇಟ್ಟರೆ ಸಾಕು. ಬಿಸಿ ತಾಗಿಸುವ ವಿಧಾನವೊಂದೇ ಎಷ್ಟು ಬದಲಾವಣೆ ತರುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಒಂದು ಬಾರಿಗೆ ನಾಲ್ಕು ಬಟ್ಟಲು ಸಾಕು, ಐದಾದರೆ ಹೆಚ್ಚು. ಅದಕ್ಕಿಂತ ಮೀರಿದರೆ ನಾಲಗೆ ದಣಿಯುತ್ತದೆ, ಕೊನೆಯ ಬಟ್ಟಲುಗಳಿಗೆ ಅನ್ಯಾಯವಾಗುತ್ತದೆ. ಪೈನ್ ಮರದ ಹೊಗೆಯಲ್ಲಿ ಒಣಗಿಸಿದ ಲಪ್ಸಾಂಗ್ ಸುಶಾಂಗ್, ಮಲ್ಲಿಗೆ ಹೂವಿನ ಜೊತೆ ಇಟ್ಟು ಪರಿಮಳ ಹಿಡಿಸಿದ ಚಹಾ, ಬರ್ಗಮಾಟ್ ಎಣ್ಣೆ ಸೇರಿಸಿದ ಅರ್ಲ್ ಗ್ರೇ ಇವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಇವುಗಳ ವಾಸನೆ ಮೇಜಿನ ಮೇಲಿರುವ ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ, ತೊಳೆದ ಬಟ್ಟಲಿನಲ್ಲೂ ನಿಲ್ಲುತ್ತದೆ.

ಮಾದರಿ ಕೊಳ್ಳುವಾಗ ಒಂದೊಂದರಲ್ಲೂ 25 ಗ್ರಾಂ ಇದ್ದರೆ ಆರಾಮ: ಸಲಕ್ಕೆ 3 ಗ್ರಾಂನಂತೆ ಎಂಟು ಸಲ ಮಾಡಬಹುದು. 10 ಗ್ರಾಂ ಪೊಟ್ಟಣದಲ್ಲಿ ಮೂರು ಸಲ ಮಾತ್ರ. ಒಂದು ಸಲ ಕೈತಪ್ಪಿದರೆ ಉಳಿಯುವುದು ಎರಡೇ. ಪೊಟ್ಟಣದ ಮೇಲೆ ತೋಟದ ಅಥವಾ ಪ್ರದೇಶದ ಹೆಸರು, ಕೊಯ್ಲಿನ ಕಾಲ, ವರ್ಷ ಇವು ಇವೆಯೇ ಎಂದು ನೋಡಿ. ಈ ವರ್ಷದ ಹಸಿರು ಚಹಾದ ಎದುರು ಎರಡು ವರ್ಷ ಹಳೆಯದನ್ನು ಇಟ್ಟರೆ ನೀವು ಹೋಲಿಸುವುದು ತೋಟಗಳನ್ನಲ್ಲ, ವಯಸ್ಸನ್ನು. ಎಫ್‌ಟಿಜಿಎಫ್‌ಒಪಿ, ಬಿಒಪಿ ಎಂಬಂಥ ಅಕ್ಷರಮಾಲೆ ಕಂಡರೆ ಅದನ್ನು ರುಚಿಯ ದರ್ಜೆ ಎಂದು ಓದಬೇಡಿ. ಎಲೆ ಇಡಿಯೋ ಮುರಿದದ್ದೋ, ಚಿನ್ನದ ಬಣ್ಣದ ಕುಡಿ ಎಷ್ಟಿದೆ ಎಂಬಂಥ ನೋಟದ ಸಂಗತಿಗಳನ್ನಷ್ಟೇ ಅದು ಹೇಳುತ್ತದೆ. ಆದರೂ ಹೋಲಿಕೆಗೆ ಅದರಿಂದ ಒಂದು ಉಪಯೋಗವಿದೆ. ಮುರಿದ ಎಲೆ ಇಡೀ ಎಲೆಗಿಂತ ಬೇಗ, ಗಾಢವಾಗಿ ಸಾರ ಬಿಡುವುದರಿಂದ, ಎರಡರ ನಡುವೆ ಸ್ಪರ್ಧೆ ಇಟ್ಟರೆ ಮುರಿದ ಎಲೆ ಸುಮ್ಮನೆ ಗೆದ್ದಂತೆ ಕಾಣುತ್ತದೆ. ಸಾಧ್ಯವಾದಷ್ಟು ಒಂದೇ ಗಾತ್ರದ ಎಲೆಗಳನ್ನು ಆರಿಸಿಕೊಳ್ಳಿ.

ಬೇಕಾಗುವ ಸಾಮಾನು

0.1 ಗ್ರಾಂವರೆಗೆ ತೋರಿಸುವ ಒಂದು ಪುಟ್ಟ ಡಿಜಿಟಲ್ ತಕ್ಕಡಿ. ಉಳಿದ ಯಾವುದಕ್ಕೆ ಬದಲಿ ಹುಡುಕಿದರೂ ಸರಿ, ಇದಕ್ಕೆ ಮಾತ್ರ ಬೇಡ. ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ: ಗುಂಡಾಗಿ ಬಿಗಿಯಾಗಿ ಸುತ್ತಿದ ಊಲಾಂಗ್ 3 ಗ್ರಾಂ ಎಂದರೆ ಒಂದು ಟೀ ಚಮಚದಷ್ಟೂ ಆಗದಿರಬಹುದು, ಹಗುರವಾಗಿ ಹರಡಿಕೊಂಡ ಬಿಳಿ ಚಹಾದ 3 ಗ್ರಾಂ ಎರಡು ಊಟದ ಚಮಚ ತುಂಬಿ ಚೆಲ್ಲುತ್ತದೆ.

ಒಂದೇ ಅಳತೆಯ, ಒಳಗೆ ಬಿಳಿಯಾಗಿರುವ ಪಿಂಗಾಣಿ ಬಟ್ಟಲುಗಳು ಬೇಕು. ಒಂದೊಂದು ಚಹಾಕ್ಕೆ ಎರಡೆರಡು, ನೆನೆಸಲು ಒಂದು, ಬಸಿಯಲು ಒಂದು. ವೃತ್ತಿಪರ ಪರೀಕ್ಷಕರು ಬಳಸುವ, ಅಂಚಿನಲ್ಲಿ ಹಲ್ಲುಗಳಿರುವ ಮುಚ್ಚಳದ ಬಟ್ಟಲುಗಳೇ ಸಿಕ್ಕರೆ ಕೆಲಸ ಸುಲಭ: ಅಡ್ಡ ಮಲಗಿಸಿದರೆ ಎಲೆ ಒಳಗೇ ನಿಂತು ರಸ ಮಾತ್ರ ಕೆಳಗಿಳಿಯುತ್ತದೆ. ಸಿಗದಿದ್ದರೆ ಮಾಮೂಲಿ ಬಟ್ಟಲಿನ ಮೇಲೆ ಸಾಸರ್ ಮುಚ್ಚಿ, ಆಮೇಲೆ ಸಣ್ಣ ಜಾಲರಿಯಲ್ಲಿ ಸೋಸಿಕೊಳ್ಳಿ. ಲೋಹದ ಮೊಟ್ಟೆಯಾಕಾರದ ಜಾಲರಿಯೊಳಗೆ ಎಲೆ ತುಂಬಿ ಮುಳುಗಿಸುವುದು ಬೇಡ. ಅಲ್ಲಿ ದೊಡ್ಡ ಎಲೆ ಅರಳಲು ಜಾಗವಿಲ್ಲದೆ ಸಾರವನ್ನು ಅರ್ಧಕ್ಕೇ ಹಿಡಿದಿಟ್ಟುಕೊಳ್ಳುತ್ತದೆ, ಸಣ್ಣ ಎಲೆಗೆ ಆ ತೊಂದರೆ ಇರುವುದಿಲ್ಲ. ಹೋಲಿಕೆ ಅಲ್ಲೇ ಕೆಟ್ಟಿತು.

ಇನ್ನುಳಿದದ್ದು ಮೊಬೈಲಿನ ಟೈಮರ್, ಸ್ಟೀಲ್ ಚಮಚಗಳು, ಒಂದು ಲೋಟ ಉಗುರುಬೆಚ್ಚಗಿನ ನೀರು, ಉಗುಳಲು ಒಂದು ಪಾತ್ರೆ, ಕಾಗದ, ಪೆನ್ಸಿಲ್.

ನೀರು

ಬಟ್ಟಲಿನಲ್ಲಿರುವುದು ಬಹುಪಾಲು ನೀರೇ. ಗಡಸು ನೀರಿನಲ್ಲಿ ಮಾಡಿದ ಕಪ್ಪು ಚಹಾ ಮಂಕಾಗುತ್ತದೆ, ಚುರುಕು ಕಳೆದುಕೊಳ್ಳುತ್ತದೆ, ಮೇಲೆ ತೆಳ್ಳಗಿನ ಪೊರೆ ಕಟ್ಟುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಬೈಕಾರ್ಬೊನೇಟ್‌ಗಳು ಚಹಾಕ್ಕೆ ಒಗರು ಕೊಡುವ ಪಾಲಿಫಿನಾಲ್ ಎಂಬ ಅಂಶಗಳ ಜೊತೆ ಸೇರುವುದೇ ಅದಕ್ಕೆ ಕಾರಣ. ಖನಿಜವೇ ಇಲ್ಲದ ಬಟ್ಟಿ ಇಳಿಸಿದ ನೀರಿನಲ್ಲಿ ರುಚಿ ಸಪ್ಪೆಯಾಗಿಯೋ ಮೊನಚಾಗಿಯೋ ತೋರುತ್ತದೆ. ಕ್ಲೋರಿನ್ ವಾಸನೆಯಿಲ್ಲದ, ಮೆದುವಾದ ಕುಡಿಯುವ ನೀರು ಆದೀತು. ಇಲ್ಲಿ ಪರಿಪೂರ್ಣತೆಗಿಂತ ಸಮಾನತೆ ಮುಖ್ಯ: ಎಲ್ಲ ಬಟ್ಟಲುಗಳಿಗೂ ಒಂದೇ ಕೆಟಲ್, ಒಂದೇ ಕುದಿ. ಇಂದಿನ ಟಿಪ್ಪಣಿಯನ್ನು ಮುಂದಿನ ವಾರದ ಟಿಪ್ಪಣಿಯೊಂದಿಗೆ ಇಟ್ಟು ಓದುವ ಆಸೆ ಇದ್ದರೆ ಆಗಲೂ ಅದೇ ನೀರು.

ಎತ್ತರದ ಜಾಗದಲ್ಲಿ ಇರುವವರು ಇನ್ನೊಂದನ್ನು ಗಮನಿಸಬೇಕು. ಪ್ರತಿ 300 ಮೀಟರ್ ಮೇಲೇರಿದಂತೆ ನೀರು ಕುದಿಯುವ ಬಿಂದು ಹತ್ತಿರಹತ್ತಿರ 1 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 1500 ಮೀಟರ್ ಎತ್ತರದಲ್ಲಿ ಕುದಿಯುವ ನೀರು ಸುಮಾರು 95 ಡಿಗ್ರಿಯದು. ಅಲ್ಲಿ ಒಂದು ಚಹಾ ತೆಳುವೆನಿಸಿದರೆ ಎಲೆಯನ್ನು ದೂರುವ ಮುನ್ನ ಇದನ್ನು ನೆನೆಯಬೇಕು.

ಒಣ ಎಲೆಯಿಂದ ಶುರು

ಪೊಟ್ಟಣವನ್ನು ಮೆಲ್ಲಗೆ ಮೇಲೆಕೆಳಗೆ ತಿರುಗಿಸಿ. ಪುಡಿ ಯಾವಾಗಲೂ ತಳಕ್ಕಿಳಿದಿರುತ್ತದೆ, ದೊಡ್ಡ ಎಲೆ ಮೇಲೆ ನಿಂತಿರುತ್ತದೆ. ಹಾಗೆಯೇ ಮೇಲಿಂದ ತೆಗೆದರೆ ಪೊಟ್ಟಣಕ್ಕಿಂತ ಉತ್ತಮವಾದ ಚಹಾವನ್ನು ನೀವು ಪರೀಕ್ಷಿಸುತ್ತಿರುತ್ತೀರಿ. ನಡುವಿನಿಂದ ತೆಗೆದು ತೂಗಿ, ಬಿಳಿ ಕಾಗದದ ಮೇಲೆ ಹರಡಿ.

ಬಣ್ಣ ಒಂದೇ ತೆರನಾಗಿದೆಯೇ? ಕಡ್ಡಿ, ನಾರು ಎಷ್ಟಿದೆ? ಎಲೆ ಬಿಗಿಯಾಗಿ ಹೊಸೆದುಕೊಂಡಿದೆಯೇ? ಆಮೇಲೆ ಮೂಗು. ಒಣ ಎಲೆಯ ಮೇಲೆ ಬಾಯಿಂದ ಬೆಚ್ಚಗಿನ ಉಸಿರು ಬಿಟ್ಟು ಕೂಡಲೇ ಮೂಗಿನಿಂದ ಎಳೆದುಕೊಳ್ಳಿ. ತೇವ, ಶಾಖ ಎರಡೂ ತಾಗಿ ಅಡಗಿದ್ದ ಪರಿಮಳ ಮೇಲೇಳುತ್ತದೆ. ಮುಗ್ಗಲು ವಾಸನೆ ಬಂದರೆ ಅಲ್ಲೇ ಬರೆದುಕೊಳ್ಳಿ. ಒಣ ಎಲೆಯ ಚಂದಕ್ಕೆ ಮಾತ್ರ ಹೆಚ್ಚು ಮನಸೋಲಬೇಡಿ. ಬಹಳ ಚೆಲುವಾದ ಎಲೆ ಬಟ್ಟಲಿನಲ್ಲಿ ಸಪ್ಪೆಯಾಗುವುದೂ, ಕಣ್ಣಿಗೆ ಏನೂ ಅನಿಸದ ಎಲೆ ಬಾಯಿ ತುಂಬುವುದೂ ಉಂಟು.

ನೆನೆಸುವುದು

ಚಹಾ ಪರೀಕ್ಷೆಗೆಂದೇ ಒಂದು ಅಂತರರಾಷ್ಟ್ರೀಯ ಮಾನದಂಡವಿದೆ: 1980ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 3103. ಅದು ಹೇಳುವುದು ಇಷ್ಟು: 100 ಮಿ.ಲೀ. ನೀರಿಗೆ 2 ಗ್ರಾಂ ಎಲೆ, ಆಗಷ್ಟೇ ಕುದಿದ ನೀರು, ಮುಚ್ಚಳ ಮುಚ್ಚಿ 6 ನಿಮಿಷ. ಮನೆಯ ಬಟ್ಟಲಿಗೆ 150 ಮಿ.ಲೀ.ಗೆ 3 ಗ್ರಾಂ ಎಂದು ಇಟ್ಟುಕೊಂಡರೆ ಲೆಕ್ಕ ಅದೇ. ಮಾನದಂಡದ ಉದ್ದೇಶ ರುಚಿಯಾದ ಚಹಾ ಮಾಡಿಸುವುದಲ್ಲ, ಇಬ್ಬರು ಬೇರೆ ಬೇರೆ ಕಡೆ ಕುಳಿತು ಮಾಡಿದರೂ ಫಲಿತಾಂಶವನ್ನು ತಾಳೆ ನೋಡುವಂತಿರಬೇಕು ಎಂಬುದು.

ಆರು ನಿಮಿಷ ಕುದಿನೀರಿನಲ್ಲಿ ನೆನೆದ ಚಹಾ ಒರಟಾಗಿಯೇ ಇರುತ್ತದೆ. ಅದೇ ಬೇಕಾದದ್ದು. ಮೃದುವಾಗಿ ಮಾಡಿದಾಗ ಎಲ್ಲ ಚಹಾಗಳೂ ಒಳ್ಳೆಯವೇ. ಬಿಗಿಯಾಗಿ ಮಾಡಿದಾಗ ಯಾವುದು ಕಹಿಗೆ ತಿರುಗಿತು, ಯಾವುದು ಆಗಲೂ ಸಿಹಿ ಉಳಿಸಿಕೊಂಡಿತು, ಯಾವುದರಲ್ಲಿ ಸೀದ ವಾಸನೆ ಅಡಗಿತ್ತು ಎಂಬುದೆಲ್ಲ ಹೊರಬೀಳುತ್ತದೆ. ಹಸಿರು ಚಹಾವನ್ನು ಹೀಗೆ ಕುದಿನೀರಿಗೆ ಒಡ್ಡಲು ಹಲವರಿಗೆ ಮನಸ್ಸು ಬರುವುದಿಲ್ಲ. ಒಪ್ಪುವ ಮಾತೇ. ಮನೆಮಟ್ಟಿನ ಹೋಲಿಕೆಯಲ್ಲಿ ಹಸಿರು ಚಹಾಗಳಿಗೆಲ್ಲ 80 ಡಿಗ್ರಿ, 3 ನಿಮಿಷ ಎಂದು ನಿಗದಿ ಮಾಡಿಕೊಂಡರೂ ನಡೆಯುತ್ತದೆ, ಅವತ್ತು ಮೇಜಿನ ಮೇಲಿರುವ ಎಲ್ಲಕ್ಕೂ ಅದೇ ನಿಯಮ ಇರುವವರೆಗೆ.

ಕ್ರಮ ಹೀಗಿರಲಿ. ಬಟ್ಟಲುಗಳಿಗೆಲ್ಲ ಬಿಸಿನೀರು ಹಾಕಿ ಬೆಚ್ಚಗಾಗಿಸಿ ಚೆಲ್ಲಿ. ತೂಗಿದ ಎಲೆಗಳನ್ನು ಹಾಕಿ. ನೀರು ಕುದಿದೊಡನೆ ಮೊದಲ ಬಟ್ಟಲಿಗೆ ಸುರಿದು ಮುಚ್ಚಿ, ಟೈಮರ್ ಒತ್ತಿ. ಸರಿಯಾಗಿ 20 ಸೆಕೆಂಡಿಗೆ ಎರಡನೆಯದು, 40ಕ್ಕೆ ಮೂರನೆಯದು, 60ಕ್ಕೆ ನಾಲ್ಕನೆಯದು. ಬಸಿಯುವಾಗಲೂ ಅದೇ ಸಾಲು, ಅದೇ 20 ಸೆಕೆಂಡಿನ ಅಂತರ. ಈ ಸಣ್ಣ ಶಿಸ್ತಿನಿಂದ ನಾಲ್ಕೂ ಬಟ್ಟಲುಗಳಿಗೆ ಸಮಾನ ಕಾಲ ಸಿಗುತ್ತದೆ. ಬಸಿಯುವಾಗ ಕೊನೆಯ ಹನಿಯವರೆಗೂ ಬಸಿಯಿರಿ, ಗಾಢವಾದ ಭಾಗ ಕೊನೆಯಲ್ಲೇ ಬರುತ್ತದೆ. ಮಧ್ಯೆ ಕಲಕುವುದು, ಎಲೆಯನ್ನು ಚಮಚದಿಂದ ಒತ್ತಿ ಹಿಂಡುವುದು ಬೇಡ.

ಮುಚ್ಚಳ, ನೆನೆದ ಎಲೆ, ಬಣ್ಣ

ಬಸಿದ ತಕ್ಷಣ ಗುಟುಕಿಗೆ ಆತುರಪಡಬೇಡಿ. ಮುಚ್ಚಳದ ಒಳಮೈಯನ್ನು ಮೂಗಿಗೆ ಹಿಡಿಯಿರಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಆನಂದದ ಗಳಿಗೆ ಇದು. ಹಬೆಯೊಂದಿಗೆ ಮೇಲೆದ್ದು ಮುಚ್ಚಳಕ್ಕೆ ಅಂಟಿಕೊಂಡ ಪರಿಮಳ ಬಟ್ಟಲಿನಲ್ಲಿರುವುದಕ್ಕಿಂತ ಸ್ಪಷ್ಟವಾಗಿರುತ್ತದೆ, ಮತ್ತು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಒಳ್ಳೆಯ ಊಲಾಂಗ್‌ನ ಮುಚ್ಚಳದಲ್ಲಿ ಮೊದಲು ಹೂವಿನ ವಾಸನೆ ಮುಖಕ್ಕೆ ಹೊಡೆಯುತ್ತದೆ. ಮುಚ್ಚಳ ತಣಿಯುತ್ತ ಬಂದಂತೆ ಅದು ಹಿಂದೆ ಸರಿದು ಜೇನು, ಬೆಣ್ಣೆಯಂಥ ಸಿಹಿ ಬರುತ್ತದೆ. ಪೂರ್ತಿ ಆರಿದ ಮೇಲೆ ಉಳಿಯುವುದು ಹುರಿದ ಕಾಳಿನ ನೆನಪು ಮಾತ್ರ. ಸಾಧಾರಣ ಚಹಾದ ಮುಚ್ಚಳದಲ್ಲಿ ಮೊದಲ ವಾಸನೆಯೇ ಕೊನೆಯದೂ ಹೌದು. ಈ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ.

ಆಮೇಲೆ ನೆನೆದ ಎಲೆಯನ್ನು ಮುಚ್ಚಳದ ಮೇಲೆ ಕವುಚಿ ಹರಡಿ. ಕಪ್ಪು ಚಹಾದ ಎಲೆ ತಾಮ್ರದಂತೆ ಹೊಳೆಯುತ್ತಿದ್ದರೆ ಒಳ್ಳೆಯ ಸೂಚನೆ. ಮಂಕು ಕಂದಾಗಿ ಕಪ್ಪಿಟ್ಟಿದ್ದರೆ ಎಲೆ ಹೆಚ್ಚು ಹೊತ್ತು ಕಂದಿದೆ, ಇಲ್ಲವೇ ಒಣಗಿಸುವಾಗ ಶಾಖ ಮೀರಿದೆ. ಹಸಿರು ಚಹಾದಲ್ಲಿ ಅಲ್ಲಲ್ಲಿ ಕೆಂಪು ಅಂಚಿನ ಎಲೆ ಕಂಡರೆ ಬಿಸಿ ತಾಗಿಸುವ ಮೊದಲೇ ಎಲೆ ಜಜ್ಜಿಹೋಗಿತ್ತು ಎಂದರ್ಥ. ಸಾಂಪ್ರದಾಯಿಕವಾಗಿ ಮಾಡಿದ ಊಲಾಂಗ್‌ನಲ್ಲಿ ಅದೇ ಕೆಂಪು ಅಂಚು ಗುಣವೇ ಹೊರತು ದೋಷವಲ್ಲ. ಎಲೆಯ ಅಂಚನ್ನು ಬೇಕೆಂದೇ ತಿಕ್ಕಿ ಕಂದಿಸಿರುತ್ತಾರೆ, ನಡುಭಾಗ ಹಸಿರಾಗಿ ಉಳಿದಿರುತ್ತದೆ. ಒಂದು ಎಲೆಯನ್ನು ಬೆರಳಿನಿಂದ ಬಿಡಿಸಿ ಚಪ್ಪಟೆಯಾಗಿ ಹರಡಿ ನೋಡಿ: ಕುಡಿ ಮತ್ತು ಎರಡು ಎಲೆಯ ಚಿಗುರು ಇಡಿಯಾಗಿ ಸಿಕ್ಕರೆ ಕೀಳುವಾಗಲೂ ಹೊಸೆಯುವಾಗಲೂ ಯಾರೋ ಎಚ್ಚರವಹಿಸಿದ್ದಾರೆ.

ಬಣ್ಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗಾಢ ಬಣ್ಣವೆಂದರೆ ಗಾಢ ರುಚಿ ಎಂದುಕೊಳ್ಳಬೇಡಿ, ತಿಳಿಯಾಗಿದೆಯೇ, ಹೊಳಪಿದೆಯೇ ಎಂದು ನೋಡಿದರೆ ಸಾಕು.

ಗುಟುಕು

ರುಚಿ ನೋಡುವ ದಿನ ಮೈಗೆ ಸೆಂಟ್ ಬೇಡ, ಹಲ್ಲುಜ್ಜಿ ಕನಿಷ್ಠ ಒಂದು ಗಂಟೆಯಾದರೂ ಕಳೆದಿರಲಿ, ಖಾರ ತಿಂದ ಬೆನ್ನಿಗೇ ಕೂರಬೇಡಿ. ಬಾಯಿ ಸುಡುವ ಬಿಸಿಯಲ್ಲಿ ರುಚಿ ತಿಳಿಯುವುದಿಲ್ಲ. ಸ್ವಲ್ಪ ಆರಲು ಬಿಡಿ.

ಚಮಚದಲ್ಲಿ ತೆಗೆದುಕೊಂಡು ಸೊರ್ರೆಂದು ಸದ್ದು ಮಾಡಿಯೇ ಹೀರಿ. ಗಾಳಿಯೊಂದಿಗೆ ಎಳೆದಾಗ ಚಹಾ ಸಣ್ಣ ಹನಿಗಳಾಗಿ ಬಾಯಿ ತುಂಬ ಹರಡುತ್ತದೆ, ಅದರ ಪರಿಮಳ ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುತ್ತದೆ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಈ ದಾರಿಯದೇ. ನಂಬಿಕೆ ಬಾರದಿದ್ದರೆ ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿದು, ಆಮೇಲೆ ಮೂಗು ಬಿಡಿ. ನಾಲಗೆಯ ಮೇಲೆ ಹೊರಳಿಸಿ ಉಗುಳಿ. ಉಗುಳುವುದು ಮುಜುಗರದ ಸಂಗತಿಯೇನಲ್ಲ. ನಾಲ್ಕು ಗಾಢ ಚಹಾಗಳನ್ನು ಮತ್ತೆ ಮತ್ತೆ ನುಂಗಿದರೆ ಎದೆ ಡವಡವ ಎನ್ನುವುದು, ರಾತ್ರಿ ನಿದ್ದೆ ಬಾರದಿರುವುದು ಖಂಡಿತ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿ.ಗ್ರಾಂ.ವರೆಗೆ, ಗರ್ಭಿಣಿಯರಿಗೆ 200 ಮಿ.ಗ್ರಾಂ.ವರೆಗೆ ಕೆಫೀನ್ ತೊಂದರೆ ಕೊಡದು ಎಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಆ ಮಿತಿ ಎಲ್ಲ ಮೂಲಗಳ ಕೆಫೀನ್‌ಗೂ ಸೇರಿ. ಖಾಲಿ ಹೊಟ್ಟೆಯಲ್ಲಿ ಮಾತ್ರ ಕೂರಬೇಡಿ, ಹೊಟ್ಟೆ ತೊಳಸುತ್ತದೆ.

ತಿಳಿಯಾದದ್ದರಿಂದ ಗಾಢವಾದದ್ದರ ಕಡೆಗೆ ಹೋಗಿ. ಒಂದು ಸುತ್ತು ಮುಗಿದ ಮೇಲೆ ಹಿಂದುಮುಂದಾಗಿ ಇನ್ನೊಂದು ಸುತ್ತು. ಇದು ಅಗತ್ಯ, ಏಕೆಂದರೆ ಕಹಿಯಾದ ಬಟ್ಟಲಿನ ನಂತರ ಬಂದದ್ದು ತಾನಾಗಿ ಸಿಹಿ ಎನಿಸುತ್ತದೆ, ಘಮಘಮಿಸುವುದರ ನಂತರ ಬಂದದ್ದು ಬಡವಾಗಿ ಕಾಣುತ್ತದೆ. ಎರಡೂ ದಿಕ್ಕಿನಿಂದ ಬಂದಾಗ ನಿಲ್ಲುವ ಅಭಿಪ್ರಾಯವನ್ನು ಮಾತ್ರ ನಂಬಬೇಕು. ನಡುನಡುವೆ ಉಗುರುಬೆಚ್ಚಗಿನ ನೀರಿನಿಂದ ಬಾಯಿ ಮುಕ್ಕಳಿಸಿ.

ಗಮನಿಸಬೇಕಾದದ್ದು ಏನು? ಕಹಿ ಮತ್ತು ಒಗರನ್ನು ಬೇರೆ ಮಾಡಲು ಕಲಿಯುವುದು ಎಲ್ಲಕ್ಕಿಂತ ಮೊದಲು. ಕಹಿ ನಾಲಗೆಗೆ ತಿಳಿಯುವ ರುಚಿ. ಒಗರು ರುಚಿಗಿಂತ ಹೆಚ್ಚಾಗಿ ಸ್ಪರ್ಶ: ಚಹಾದ ಪಾಲಿಫಿನಾಲ್‌ಗಳು ಜೊಲ್ಲಿನ ಪ್ರೋಟೀನುಗಳನ್ನು ಹಿಡಿದುಕೊಂಡಾಗ ಬಾಯಿಯ ನುಣುಪು ಹೋಗಿ ಕೆನ್ನೆಯ ಒಳಭಾಗ, ಒಸಡು ಬಿಗಿಯುತ್ತವೆ. ಕಪ್ಪು ಚಹಾದಲ್ಲಿ ಒಂದು ಬಗೆಯ ಒಗರು ಬಾಯಿಯನ್ನು ಚುರುಕುಗೊಳಿಸಿ ಮಾಯವಾಗುತ್ತದೆ, ಮತ್ತೊಂದು ಗುಟುಕಿಗೆ ಕರೆಯುತ್ತದೆ. ಪರೀಕ್ಷಕರು ಮೆಚ್ಚುವುದು ಇದನ್ನೇ. ಇನ್ನೊಂದು ಬಗೆಯದು ಬಾಯಿಗೆ ಅಂಟಿಕೊಂಡು ಒಣಗಿಸುತ್ತ ಕೂರುತ್ತದೆ. ಇದರ ಹೊರತಾಗಿ, ಬಾಯಲ್ಲಿ ಚಹಾ ತೂಕವಾಗಿದೆಯೋ ನೀರುನೀರಾಗಿದೆಯೋ, ಉಗುಳಿದ ಮೇಲೆ ಏನು ಉಳಿಯಿತು, ಎಷ್ಟು ಹೊತ್ತು ಉಳಿಯಿತು, ಗಂಟಲಿನಿಂದ ಸಿಹಿ ಹಿಂದಿರುಗಿ ಬಂತೇ ಎಂದು ನೋಡಿ.

ಬೇಡದ ವಾಸನೆಗಳನ್ನು ಗುರುತಿಸುವುದು ಹೂವು ಹಣ್ಣುಗಳ ಹೆಸರು ಹುಡುಕುವುದಕ್ಕಿಂತ ಹೆಚ್ಚು ಉಪಯೋಗಿ. ಮುಗ್ಗಲು ಎಂದರೆ ತೇವ ತಾಗಿದೆ. ಸೀದ ವಾಸನೆ ಎಂದರೆ ಒಣಗಿಸುವಾಗ ಶಾಖ ಮೀರಿದೆ. ಬೇಕೆಂದು ಹೊಗೆ ಹಿಡಿಸದ ಚಹಾದಲ್ಲಿ ಹೊಗೆ ಬಂದರೆ ಅದು ಒಲೆಯ ಸೋರಿಕೆ. ರಟ್ಟಿನ ಪೆಟ್ಟಿಗೆಯಂತೆ ಸಪ್ಪೆಯಾಗಿದ್ದರೆ ಚಹಾ ಹಳೆಯದು. ಮಸಾಲೆಯದೋ ಸೋಪಿನದೋ ವಾಸನೆ ಇದ್ದರೆ ತೋಟದ್ದಲ್ಲ, ಸಂಗ್ರಹಿಸಿಟ್ಟವರ ತಪ್ಪು, ಕೆಲವೊಮ್ಮೆ ನಮ್ಮದೇ ಅಡುಗೆಮನೆಯ ಕಪಾಟಿನದು.

ಚಹಾ ಬಿಸಿಯಾಗಿದ್ದಾಗ, ಬೆಚ್ಚಗಿದ್ದಾಗ, ಪೂರ್ತಿ ಆರಿದಾಗ ಹೀಗೆ ಮೂರು ಹಂತದಲ್ಲೂ ಸುತ್ತು ಹಾಕಿ. ಬಿಸಿಯಲ್ಲಿ ಪರಿಮಳ ಮೆರೆಯುತ್ತದೆ, ದೋಷ ಅಡಗುತ್ತದೆ. ಆರಿದಾಗ ಅಡಗಿದ್ದದ್ದು ಎದುರು ಬರುತ್ತದೆ. ಗಾಢವಾದ ಅಸ್ಸಾಂ ಚಹಾ ಆರಿದಾಗ ಕದಡಿ ಹಾಲುಹಾಲಾಗಿ ಕಂಡರೆ ಗಾಬರಿ ಬೇಡ. ಕೆಫೀನ್ ಮತ್ತು ಥಿಯಾಫ್ಲಾವಿನ್‌ನಂಥ ಪಾಲಿಫಿನಾಲ್‌ಗಳು ತಣ್ಣಗಾದಾಗ ಒಂದಕ್ಕೊಂದು ಅಂಟಿ ಹೀಗಾಗುತ್ತದೆ, ಅದು ಸಾರ ಚೆನ್ನಾಗಿರುವ ಚಹಾದ ಲಕ್ಷಣ. ಬಿಸಿ ಮಾಡಿದರೆ ಮತ್ತೆ ತಿಳಿಯಾಗುತ್ತದೆ.

ಟಿಪ್ಪಣಿ ಬರೆಯುವಾಗ ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. 86 ಮತ್ತು 88ರ ನಡುವೆ ಏನಿತ್ತು ಎಂದು ತಿಂಗಳ ನಂತರ ನಿಮಗೇ ತಿಳಿಯದು. ಬದಲಿಗೆ ನಾಲ್ಕನ್ನೂ ಇಷ್ಟದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, ಮೊದಲನೆಯದು ಎರಡನೆಯದಕ್ಕಿಂತ ಏಕೆ ಮುಂದು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಇದರಷ್ಟು ಒಗರಿಲ್ಲ, ಆದರೆ ಬಾಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ’ ಎಂಬಂಥ ಸಾಲು ಯಾವ ಅಂಕಕ್ಕಿಂತಲೂ ಬೆಲೆಯುಳ್ಳದ್ದು. ಇತರರೊಂದಿಗೆ ಕೂತಿದ್ದರೆ ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಬಾಯಿಬಿಡದಿರಲಿ. ಒಬ್ಬರು ‘ಗುಲಾಬಿ’ ಎಂದರೆ ಸಾಕು, ಮರುಕ್ಷಣ ಎಲ್ಲರಿಗೂ ಗುಲಾಬಿಯೇ.

ಒಂದು ಜೋಡಿ: ಡಾರ್ಜಿಲಿಂಗ್‌ನ ಎರಡು ಕೊಯ್ಲು

ಮೊದಲ ಬಾರಿಗೆ ಯಾವುದನ್ನು ತೆಗೆದುಕೊಳ್ಳಲಿ ಎಂದು ಕೇಳಿದವರಿಗೆ ನಾನು ಹೇಳುವುದು ಒಂದೇ ತೋಟದ ಫಸ್ಟ್ ಫ್ಲಶ್ ಮತ್ತು ಸೆಕೆಂಡ್ ಫ್ಲಶ್. ಮೊದಲನೆಯದು ಚಳಿಗಾಲದ ನಿದ್ದೆ ಮುಗಿಸಿದ ಗಿಡದ ಚಿಗುರು, ಮಾರ್ಚ್ ಏಪ್ರಿಲ್ ಹೊತ್ತಿನದು. ಎರಡನೆಯದು ಮಳೆಗಾಲಕ್ಕೆ ಮುಂಚೆ, ಮೇ ಜೂನ್ ತಿಂಗಳದು.

ಎರಡೂ ಕಪ್ಪು ಚಹಾ ಎಂದೇ ಮಾರಾಟವಾಗುತ್ತವೆ. ಆದರೆ ಫಸ್ಟ್ ಫ್ಲಶ್‌ನ ನೆನೆದ ಎಲೆಯನ್ನು ನೋಡಿ: ಅರ್ಧಕ್ಕರ್ಧ ಹಸಿರೇ ಇರುತ್ತದೆ. ಆ ಎಲೆಯನ್ನು ಬಹಳವಾಗಿ ಬಾಡಿಸುವುದರಿಂದ ಅದು ಪೂರ್ತಿ ಕಂದುವುದಿಲ್ಲ. ರಸ ತಿಳಿ ಹೊನ್ನಿನ ಬಣ್ಣ, ಮೂಗಿಗೆ ಹೂವು ಮತ್ತು ಹಸಿ ಸೊಪ್ಪು, ಬಾಯಲ್ಲಿ ಮೊನಚು. ಸೆಕೆಂಡ್ ಫ್ಲಶ್‌ನ ಎಲೆ ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ರಸ ಕಂದು ಬೆರೆತ ಹೊನ್ನಿನ ಬಣ್ಣ, ತೂಕ ಹೆಚ್ಚು, ಒಳ್ಳೆಯದಾದರೆ ಮಾಗಿದ ದ್ರಾಕ್ಷಿಯ ಪರಿಮಳ. ಮಸ್ಕಟೆಲ್ ಎಂದು ಹೆಸರಾದ ಈ ಪರಿಮಳದಲ್ಲಿ ಒಂದು ಸಣ್ಣ ಕೀಟದ ಪಾಲಿದೆ. ಹಸಿರು ಜಿಗಿಹುಳು ಚಿಗುರಿನ ರಸ ಹೀರಿದಾಗ ಗಿಡ ತನ್ನ ರಕ್ಷಣೆಗೆಂದು ಸುಗಂಧದ ಸಂಯುಕ್ತಗಳನ್ನು ಹೆಚ್ಚು ತಯಾರಿಸುತ್ತದೆ, ಅದು ಚಹಾದಲ್ಲಿ ನಮಗೆ ಸಿಗುತ್ತದೆ. ತೈವಾನಿನ ಓರಿಯೆಂಟಲ್ ಬ್ಯೂಟಿ ಊಲಾಂಗ್‌ನ ಜೇನಿನಂಥ ಸಿಹಿಗೂ ಇಂಥದೇ ಹುಳು ಕಾರಣ. ಎರಡು ಬಟ್ಟಲುಗಳ ನಡುವೆ ಮೂಗನ್ನು ಹಿಂದೆಮುಂದೆ ಓಡಾಡಿಸಿದಾಗ ಒಂದೇ ಗಿಡದ ಎರಡು ಋತುಗಳು ಎಷ್ಟು ದೂರ ಎಂಬುದು ಗೊತ್ತಾಗುತ್ತದೆ.

ಕಣ್ಣು ಮುಚ್ಚಿ ಪರೀಕ್ಷೆ

ಹೆಸರು, ಬೆಲೆ, ಪೊಟ್ಟಣದ ಅಂದ ಇವು ಗೊತ್ತಿದ್ದಾಗ ನಾಲಗೆ ಅವುಗಳ ಮಾತನ್ನೇ ಆಡುತ್ತದೆ. ಬಟ್ಟಲಿನ ತಳಕ್ಕೆ ಅಂಟುಪಟ್ಟಿಯಲ್ಲಿ ಸಂಖ್ಯೆ ಬರೆದು ಅಂಟಿಸಿ, ಮನೆಯವರಲ್ಲಿ ಯಾರಾದರೊಬ್ಬರಿಗೆ ಸ್ಥಾನ ಬದಲಿಸಲು ಹೇಳಿ.

ಎರಡು ಚಹಾಗಳು ಬಹಳ ಹತ್ತಿರದವಾದರೆ ತ್ರಿಕೋನ ಪರೀಕ್ಷೆ ಮಾಡಿ. ಮೂರು ಬಟ್ಟಲು, ಎರಡರಲ್ಲಿ ಒಂದೇ ಚಹಾ, ಮೂರನೆಯದರಲ್ಲಿ ಇನ್ನೊಂದು. ಬೇರೆ ಯಾವುದು ಎಂದು ಹೇಳುವುದಷ್ಟೇ ಕೆಲಸ. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಒಂದು ಗೆಲುವಿಗೆ ಅರ್ಥವಿಲ್ಲ. ಐದು ಸಲ ಮಾಡಿ ಐದೂ ಸಲ ಸರಿಯಾಗಿ ಹೇಳಿದರೆ, ಅದು ಊಹೆಯಿಂದ ಆಗುವ ಸಾಧ್ಯತೆ 243ರಲ್ಲಿ ಒಂದು. ವ್ಯತ್ಯಾಸ ಹಿಡಿಯಲು ಆಗಲಿಲ್ಲವೆಂದರೆ ಅದೂ ಒಳ್ಳೆಯ ಸುದ್ದಿಯೇ, ಕಡಿಮೆ ಬೆಲೆಯದನ್ನು ನೆಮ್ಮದಿಯಿಂದ ಕೊಳ್ಳಬಹುದು.

ಎರಡನೆಯ ಸುತ್ತು: ಈಗ ಉಪಚಾರ

ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಮುಂದೆ ಬಂದ ಒಂದೆರಡನ್ನು ಬೇರೆ ದಿನ ಅವುಗಳ ಇಷ್ಟದಂತೆ ಮಾಡಿ. ಹಿಂದೆ ಬಿದ್ದವುಗಳಲ್ಲಿ ಪರಿಮಳ ಚೆನ್ನಾಗಿದ್ದು ಕಹಿ ಮಾತ್ರ ಹೆಚ್ಚಾಗಿದ್ದ ಒಂದಕ್ಕೂ ಅವಕಾಶ ಕೊಡಿ. ಅಂಥ ಚಹಾಗಳು ಶಾಖ ಇಳಿಸಿದೊಡನೆ ಬೇರೆಯೇ ಆಗಿಬಿಡುತ್ತವೆ.

ಹಸಿರು ಚಹಾದಲ್ಲಿ ಕಹಿ, ಒಗರು ಕೊಡುವ ಕ್ಯಾಟೆಚಿನ್‌ಗಳು ಶಾಖ ಏರಿದಷ್ಟೂ ಹೆಚ್ಚು ಇಳಿಯುತ್ತವೆ. ಸವಿಯನ್ನು ಕೊಡುವ ಥಿಯಾನಿನ್ ಎಂಬ ಅಮೈನೊ ಆಮ್ಲ ಕಡಿಮೆ ಶಾಖದಲ್ಲೂ ಸಲೀಸಾಗಿ ಇಳಿಯುತ್ತದೆ. ಆದ್ದರಿಂದ ಸೆಂಚಾಕ್ಕೆ 70ರಿಂದ 80 ಡಿಗ್ರಿ, ನೆರಳಲ್ಲಿ ಬೆಳೆಸಿದ ಗ್ಯೊಕುರೊಕ್ಕೆ 50ರಿಂದ 60 ಡಿಗ್ರಿ. ಊಲಾಂಗ್ ಮತ್ತು ಪು-ಎರ್‌ಗಳಿಗೆ ಎಲೆ ಹೆಚ್ಚು, ಹೊತ್ತು ಕಡಿಮೆ: 100 ಮಿ.ಲೀ.ಗೆ 5ರಿಂದ 6 ಗ್ರಾಂ, ಕುದಿನೀರು, ಮೊದಲ ಸಲ 15-20 ಸೆಕೆಂಡು, ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಆರೇಳು ಸಲ. ಇಲ್ಲಿ ಹೋಲಿಕೆಗೆ ಹೊಸ ಅಂಶವೊಂದು ಸೇರುತ್ತದೆ: ಎಷ್ಟನೇ ನೀರಿನವರೆಗೆ ಎಲೆ ಮಾತಾಡುತ್ತದೆ? ಎರಡು ಊಲಾಂಗ್‌ಗಳಲ್ಲಿ ಮೊದಲ ನೀರಿನಲ್ಲಿ ಗೆದ್ದದ್ದು ನಾಲ್ಕನೆಯದರಲ್ಲಿ ಸೋಲುವುದು ಸಾಮಾನ್ಯ.

ಈ ಸುತ್ತಿನಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಚಹಾ ಕಹಿಯಾಯಿತೆಂದು ಶಾಖವನ್ನೂ ಇಳಿಸಿ, ಎಲೆಯನ್ನೂ ಕಡಿಮೆ ಮಾಡಿ, ಹೊತ್ತನ್ನೂ ಕತ್ತರಿಸಿದರೆ ಕಹಿ ಹೋಗಿದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಹಾಲು ಹಾಕಿಯೇ ಕುಡಿಯುವ ಚಹಾವನ್ನು ಹಾಲು ಹಾಕಿಯೂ ಹೋಲಿಸಬೇಕು, ಎಲ್ಲ ಬಟ್ಟಲಿಗೂ ಅಳೆದು ಒಂದೇ ಪ್ರಮಾಣದಲ್ಲಿ. ಹಾಲಿನ ಪ್ರೋಟೀನ್ ಒಗರನ್ನು ಹಿಡಿದುಕೊಳ್ಳುವುದರಿಂದ, ಬರಿದಾಗಿ ಕುಡಿದಾಗ ಒರಟೆನಿಸಿದ ಚಹಾ ಹಾಲಿನಲ್ಲಿ ಎದ್ದು ನಿಲ್ಲುವುದೂ, ನಾಜೂಕಿನದು ಮುಳುಗಿಹೋಗುವುದೂ ಉಂಟು.

ಉಳಿದ ಮಾದರಿಗಳನ್ನು ಗಾಳಿಯಾಡದ, ಬೆಳಕು ಹೋಗದ ಡಬ್ಬಿಗಳಲ್ಲಿ, ಒಲೆಯಿಂದಲೂ ಮಸಾಲೆಯಿಂದಲೂ ದೂರ ಇಡಿ. ಫ್ರಿಜ್‌ನಲ್ಲಿಟ್ಟ ಹಸಿರು ಚಹಾವನ್ನು ಹೊರತೆಗೆದ ತಕ್ಷಣ ತೆರೆಯಬೇಡಿ, ಕೋಣೆಯ ಶಾಖಕ್ಕೆ ಬರುವವರೆಗೆ ಕಾಯಿರಿ. ಇಲ್ಲದಿದ್ದರೆ ತಣ್ಣನೆಯ ಎಲೆಯ ಮೇಲೆ ಗಾಳಿಯ ತೇವ ಕೂರುತ್ತದೆ. ಪ್ರತಿ ಡಬ್ಬಿಯ ಮೇಲೂ ಹೆಸರು, ಕೊಯ್ಲು, ತೆರೆದ ದಿನಾಂಕ. ಕೊನೆಗೆ ಮೆಚ್ಚಿ ಕೊಂಡ ಚಹಾದ ಮೊದಲ ಪೊಟ್ಟಣದಿಂದ 6 ಗ್ರಾಂ ತೆಗೆದು ಬೇರೆಯಾಗಿ ಮೊಹರು ಮಾಡಿಡಿ. ಕೆಲವೇ ತಿಂಗಳಲ್ಲಿ ಅದೇ ಹೆಸರಿನ ಮುಂದಿನ ಪೊಟ್ಟಣ ತರಿಸಿದಾಗ ಎರಡನ್ನೂ ಅಕ್ಕಪಕ್ಕ ನೆನೆಸಿ ನೋಡಬಹುದು, ಅಂಗಡಿಯವರು ಕಳಿಸಿದ್ದು ಅದೇ ಚಹಾವೋ ಅಲ್ಲವೋ ಎಂದು.